ವೃದ್ಧಾಶ್ರಮಗಳ ಸಿಬ್ಬಂದಿಗೆ ಆರೋಗ್ಯ ತರಬೇತಿ: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪೀಠಿಕೆ

1997ರ ಆಗಸ್ಟ್ 25ರಂದು ಅಸ್ತಿತ್ವಕ್ಕೆ ಬಂದ ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಿವೆ. ಈ ಪ್ರದೇಶದ ಯುವಜನರು ಹಲವು ದಶಕಗಳಿಂದ ಮುಂಬಯಿ, ಬೆಂಗಳೂರು ಹಾಗೂ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗ ನಿಮಿತ್ತ ತೆರಳುತ್ತಿದ್ದಾರೆ. ಕೂಡುಕುಟುಂಬದ ದೊಡ್ಡ ಮನೆಗಳಲ್ಲಿ ಹಿರಿಯರ ಆರೈಕೆಯು ಮನೆಮಂದಿಯ ಸಹಜ ಕರ್ತವ್ಯವಾಗಿತ್ತು. ಅಂತಹ ಮನೆಗಳು ಪಾಲಾಗಿ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ ಬಳಿಕ, ವೃದ್ಧಾಶ್ರಮ ಹಾಗೂ ಆರೈಕೆ ಕೇಂದ್ರಗಳ ಅವಶ್ಯಕತೆಯು ಹೆಚ್ಚಿರುತ್ತದೆ.

2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ ಸುಮಾರು 10.4 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇ. 8.6ರಷ್ಟಿತ್ತು. ಕರ್ನಾಟಕದಲ್ಲಿ ಈ ಪ್ರಮಾಣವು ಸುಮಾರು ಶೇ. 9.5 ಇತ್ತು. ಹಿರಿಯರಿಗೆ ವಾಸ್ತವ್ಯ ಮತ್ತು ಊಟದ ವ್ಯವಸ್ಥೆ ಕಲ್ಪಿಸಿದ ಮಾತ್ರಕ್ಕೆ ಆರೈಕೆಯು ಪೂರ್ಣಗೊಳ್ಳುವುದಿಲ್ಲ. ಅವರನ್ನು ದಿನವಿಡೀ ನೋಡಿಕೊಳ್ಳುವ ಸಿಬ್ಬಂದಿಗೆ ಆರೋಗ್ಯ ರಕ್ಷಣೆಯ ಮೂಲ ತಿಳಿವಳಿಕೆ ಇದೆಯೇ ಎಂಬುದು ಇಂದಿನ ಮುಖ್ಯ ಪ್ರಶ್ನೆಯಾಗಿದೆ.

ಕಾನೂನಿನ ಸ್ಥಿತಿಗತಿ

ಸಾಮಾನ್ಯ ಬಳಕೆಯಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಖಾಸಗಿ ಚಿಕ್ಕ ಆಸ್ಪತ್ರೆ. ಇಂತಹ ಆಸ್ಪತ್ರೆಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ವ್ಯಾಪ್ತಿಗೆ ಒಳಪಡುತ್ತವೆ. ಹಿರಿಯರು ವರ್ಷಗಟ್ಟಲೆ ವಾಸಿಸುವ ವೃದ್ಧಾಶ್ರಮಗಳ ಸ್ಥಿತಿಯು ಇದಕ್ಕಿಂತ ಭಿನ್ನವಾದುದು. ಅವುಗಳಲ್ಲಿ ಪಾರ್ಶ್ವವಾಯು, ಮರೆಗುಳಿತನ ಅಥವಾ ಮೂಳೆ ಮುರಿತದಿಂದ ಹಾಸಿಗೆ ಹಿಡಿದವರೂ ಇರುತ್ತಾರೆ. ಆದರೆ ಅವು ಆಸ್ಪತ್ರೆಗಳಲ್ಲ.

ತಂದೆ-ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ 19ನೇ ಪ್ರಕರಣವು ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, ತಲಾ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮಗಳನ್ನು ಸ್ಥಾಪಿಸಲು ಹಾಗೂ ಅವುಗಳ ಸೇವಾ ಗುಣಮಟ್ಟವನ್ನು ನಿಗದಿಪಡಿಸಲು ರಾಜ್ಯ ಸರ್ಕಾರಗಳಿಗೆ ಅವಕಾಶ ನೀಡಿದೆ. 20ನೇ ಪ್ರಕರಣವು ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಹಾಸಿಗೆ ಮತ್ತು ಪ್ರತ್ಯೇಕ ಸರತಿ ಸಾಲಿನ ಬಗ್ಗೆ ಹೇಳುತ್ತದೆ. ಅಶ್ವನಿ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರ್ 13ರಂದು ನೀಡಿದ ತೀರ್ಪಿನಲ್ಲಿ, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳು ಹಾಗೂ ಹಿರಿಯರಿಗಿರುವ ವೈದ್ಯಕೀಯ ಸೌಲಭ್ಯಗಳ ಮಾಹಿತಿಯನ್ನು ಸಂಗ್ರಹಿಸಲು ಸೂಚಿಸಿತು.

ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟ ಹಾಗೂ ಮನೆ ಆರೈಕೆ ಸಂಸ್ಥೆಗಳ ಸಹಾಯಕರ ತರಬೇತಿಯನ್ನು ಕಾನೂನಿನ ಚೌಕಟ್ಟಿಗೆ ತರುವ ತಿದ್ದುಪಡಿ ಮಸೂದೆಯು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅದು ಅಂಗೀಕಾರಗೊಳ್ಳದೆ, 2024ರಲ್ಲಿ 17ನೇ ಲೋಕಸಭೆಯು ವಿಸರ್ಜನೆಯಾದಾಗ ಬಿದ್ದುಹೋಯಿತು. ಪರಿಣಾಮವಾಗಿ, ತರಬೇತಿಯ ಹೊಣೆಯು ಬಹುಮಟ್ಟಿಗೆ ಆಡಳಿತ ಮಂಡಳಿಗಳ ವಿವೇಚನೆಗೆ ಉಳಿದಿದೆ. ಕರಾವಳಿಯಲ್ಲಿ ‘ಹೋಮ್ ನರ್ಸ್’ ಎಂದು ಕರೆಯಲಾಗುವ ಸಹಾಯಕರೆಲ್ಲರೂ ನರ್ಸಿಂಗ್ ಶಿಕ್ಷಣ ಪಡೆದವರಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ತಡೆಗಟ್ಟಬಹುದಾದ ಅಪಾಯಗಳು

1. ಜಾರಿ ಬೀಳುವುದು: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಬಿದ್ದು ಮೃತಪಡುತ್ತಾರೆ; ಇವರಲ್ಲಿ 60 ವರ್ಷ ಮೀರಿದವರೇ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಅಂಗಳ, ಮೆಟ್ಟಿಲು ಮತ್ತು ಬಚ್ಚಲುಮನೆಯ ಹೊರಜಗಲಿಯಲ್ಲಿ ಪಾಚಿ ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲೇ ಪಾಚಿ ಉಜ್ಜಿ ತೆಗೆಯುವುದು, ಶೌಚಾಲಯದಲ್ಲಿ ಹಿಡಿಕೆ ಅಳವಡಿಸುವುದು ಮತ್ತು ರಾತ್ರಿ ದೀಪ ಉರಿಸುವುದು ಕಡಿಮೆ ವೆಚ್ಚದ ಕ್ರಮಗಳು. ರಕ್ತದೊತ್ತಡದ ಮಾತ್ರೆ ಸೇವಿಸುವವರು ಎದ್ದ ಕೂಡಲೇ ನಡೆಯದೆ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳುವಂತೆ ನೋಡಿಕೊಳ್ಳಬೇಕು. ಬಿದ್ದವರ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಮುರಿತವನ್ನು ಶಂಕಿಸಿ, ಎಬ್ಬಿಸಿ ನಡೆಸದೆ 108ಕ್ಕೆ ಕರೆ ಮಾಡತಕ್ಕದ್ದು.

2. ಹಾಸಿಗೆ ಹುಣ್ಣು: ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಪ್ರತಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ ಮತ್ತು ಹಿಮ್ಮಡಿಗಳನ್ನು ದಿನವೂ ಪರೀಕ್ಷಿಸಬೇಕು. ಒತ್ತಿದರೂ ಮಾಸದ ಕೆಂಪು ಕಲೆಯು ಹುಣ್ಣಿನ ಮೊದಲ ಲಕ್ಷಣ. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ಹಾನಿಕರ. ಅದರ ಮೇಲೆ ಭಾರ ಬೀಳದಂತೆ ಮಾಡುವುದೇ ಮುಖ್ಯ.

3. ಆಹಾರ ಶ್ವಾಸನಾಳಕ್ಕೆ ಹೋಗುವುದು: ಪಾರ್ಶ್ವವಾಯು ಪೀಡಿತರಿಗೆ ತೆಳುವಾದ ದ್ರವವನ್ನು ನುಂಗುವುದು ಹಲವೊಮ್ಮೆ ಕಷ್ಟ. ಗಂಜಿಯ ತಿಳಿ ಕುಡಿಸಿದಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರ ಸಲಹೆ ಪಡೆಯಬೇಕು. ಅನ್ನವನ್ನು ಚೆನ್ನಾಗಿ ಅರೆದು ದಪ್ಪಗೆ ಮಾಡಿದ ಗಂಜಿಯು ಅನೇಕರಿಗೆ ಹೆಚ್ಚು ಸುರಕ್ಷಿತ. ನೇರವಾಗಿ ಕುಳ್ಳಿರಿಸಿ ಉಣಿಸಬೇಕು ಹಾಗೂ ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು.

4. ಉಪ್ಪು ಮತ್ತು ನೀರು: ಕುಚ್ಚಲಕ್ಕಿ ಗಂಜಿಯು ಉತ್ತಮ ಆಹಾರ. ಆದರೆ ಜೊತೆಗೆ ನೀಡುವ ಉಪ್ಪಿನಕಾಯಿ, ಒಣಮೀನು ಮತ್ತು ಹಪ್ಪಳದಿಂದ ಉಪ್ಪಿನ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಮಿತಿಯನ್ನು ಸುಲಭವಾಗಿ ಮೀರುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಶೌಚಾಲಯಕ್ಕೆ ಕರೆದೊಯ್ಯಲು ಇತರರನ್ನು ಕೇಳಬೇಕೆಂಬ ಸಂಕೋಚದಿಂದಲೂ ಅನೇಕರು ನೀರು ಕುಡಿಯುವುದಿಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಸೆಕೆಯಲ್ಲಿ ಇದು ನಿರ್ಜಲೀಕರಣ ಹಾಗೂ ಮೂತ್ರದ ಸೋಂಕಿಗೆ ಕಾರಣವಾಗಬಹುದು. ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ನೀರಿನ ಪ್ರಮಾಣವನ್ನು ವೈದ್ಯರೇ ನಿಗದಿಪಡಿಸಬೇಕು.

5. ಔಷಧಿಯ ಲೋಪ: ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಪಡೆದು, ಏಕಾದಶಿ ಮೊದಲಾದ ಉಪವಾಸದ ದಿನ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆಯ ಅಂಶವು ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ ಹಾಗೂ ಅಸಂಬದ್ಧ ಮಾತು ಇದರ ಲಕ್ಷಣಗಳು. ಪ್ರಜ್ಞೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಉಪವಾಸ ಆಚರಿಸುವವರ ವಿಷಯವನ್ನು ವೈದ್ಯರ ಗಮನಕ್ಕೆ ಮುಂಚಿತವಾಗಿಯೇ ತರತಕ್ಕದ್ದು.

6. ಸೋಂಕುಗಳು: 2020ರ ಆರಂಭದಲ್ಲಿ ಅಮೆರಿಕದ ಕರ್ಕ್‌ಲ್ಯಾಂಡ್ ಪಟ್ಟಣದ ಒಂದು ಆರೈಕೆ ಕೇಂದ್ರದಲ್ಲಿ ಕೋವಿಡ್ ಹರಡಿ ಅನೇಕ ಹಿರಿಯರು ಮೃತಪಟ್ಟರು. ಅನಾರೋಗ್ಯವಿದ್ದರೂ ಕೆಲಸಕ್ಕೆ ಬಂದ ಹಾಗೂ ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ದುಡಿಯುತ್ತಿದ್ದ ಸಿಬ್ಬಂದಿಯಿಂದ ಸೋಂಕು ಹರಡಲು ಆಸ್ಪದವಾಯಿತೆಂದು ಆ ದೇಶದ ತನಿಖೆಯು ತಿಳಿಸಿತು. ಜ್ವರ ಬಂದ ಆಯಾಗೆ ವೇತನ ಕಡಿತವಿಲ್ಲದ ರಜೆ ನೀಡುವುದೂ ಸೋಂಕು ತಡೆಯ ಕ್ರಮವೇ ಆಗಿದೆ. ಹಿರಿಯರಲ್ಲಿ ಸೋಂಕು ತಗಲಿದಾಗ ಕೆಲವೊಮ್ಮೆ ಜ್ವರವೇ ಕಾಣಿಸದು. ಹಠಾತ್ ಗೊಂದಲ, ನಿದ್ದೆಗಣ್ಣು ಅಥವಾ ಊಟ ಬೇಡವೆನ್ನುವುದೇ ಮೊದಲ ಸೂಚನೆಯಾಗಿರಬಹುದು. ಇದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು.

ತರಬೇತಿ ಹೇಗಿರಬೇಕು

ತರಬೇತಿಯು ಮೇಲ್ವಿಚಾರಕರಿಗೆ ಮಾತ್ರ ಸೀಮಿತವಾದಲ್ಲಿ ಉದ್ದೇಶವು ಈಡೇರದು. ಆಯಾ, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ ಮತ್ತು ವಿಶೇಷವಾಗಿ ರಾತ್ರಿ ಪಾಳಿಯವರು ಇದರಲ್ಲಿ ಒಳಗೊಳ್ಳಬೇಕು. ರಾತ್ರಿ ಹೊತ್ತು ಹಲವು ಹಿರಿಯರ ಹೊಣೆ ಒಬ್ಬರ ಮೇಲೆಯೇ ಬೀಳುವುದುಂಟು. ತುರ್ತು ಸ್ಥಿತಿಯಲ್ಲಿ ಯಾರಿಗೆ ಕರೆ ಮಾಡಬೇಕೆಂಬುದು ಅವರಿಗೆ ತಿಳಿದಿರಲೇಬೇಕು. ಬೋಧನೆಯು ಅವರಾಡುವ ಕುಂದಾಪ್ರ ಕನ್ನಡ, ತುಳು ಅಥವಾ ಕೊಂಕಣಿಯಲ್ಲಿ, ಉಪನ್ಯಾಸಕ್ಕಿಂತ ಪ್ರಾತ್ಯಕ್ಷಿಕೆಯ ರೂಪದಲ್ಲಿ ಇರುವುದು ಸೂಕ್ತ. ಮಗ್ಗುಲು ಬದಲಿಸುವುದು, ಗಾಲಿಕುರ್ಚಿಗೆ ವರ್ಗಾಯಿಸುವುದು, 40ರಿಂದ 60 ಸೆಕೆಂಡು ಸಾಬೂನಿನಿಂದ ಕೈತೊಳೆಯುವುದು ಮುಂತಾದವುಗಳನ್ನು ಕೈಯಾರೆ ಮಾಡಿಯೇ ಕಲಿಯಬೇಕು. ಸಿಬ್ಬಂದಿ ಬದಲಾಗುತ್ತಿರುವುದರಿಂದ ವರ್ಷಕ್ಕೊಮ್ಮೆಯ ಶಿಬಿರವೂ ಸಾಲದು. ಹೊಸಬರಿಗೆ ಸೇರ್ಪಡೆಯ ಮೊದಲ ವಾರದಲ್ಲಿಯೇ ಮೂಲ ತರಬೇತಿ ದೊರೆಯಬೇಕು.

ಇದಕ್ಕೆ ಬೇಕಾದ ಸಂಪನ್ಮೂಲವು ಸಮೀಪದಲ್ಲಿಯೇ ಇದೆ. ಕುಂದಾಪುರದಲ್ಲಿ ತಾಲ್ಲೂಕು ಆಸ್ಪತ್ರೆ, ಬೈಂದೂರು ಹಾಗೂ ಬ್ರಹ್ಮಾವರದಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಹಾಗೂ ನರ್ಸಿಂಗ್ ಶಿಕ್ಷಣದ ಸೌಲಭ್ಯಗಳಿವೆ. 2010-11ರಲ್ಲಿ ಆರಂಭಗೊಂಡ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವು ಆರೋಗ್ಯ ಸಿಬ್ಬಂದಿ ಹಾಗೂ ಆರೈಕೆದಾರರ ತರಬೇತಿಯನ್ನು ಒಳಗೊಂಡಿದೆ. ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಡಿ ಹಿರಿಯರ ಆರೈಕೆದಾರರನ್ನು ಸಿದ್ಧಗೊಳಿಸುವ ಅಂಶವಿದೆ. ಇವುಗಳನ್ನು ತಾಲ್ಲೂಕು ಮಟ್ಟದಲ್ಲಿ ಒಂದಕ್ಕೊಂದು ಜೋಡಿಸುವ ಕಾರ್ಯವು ಆಗಬೇಕಾಗಿದೆ.

ವೆಚ್ಚ ಮತ್ತು ಫಲ

ದಾನ ಹಾಗೂ ಅಲ್ಪ ಶುಲ್ಕದಿಂದ ನಡೆಯುವ ಸಂಸ್ಥೆಗಳು ತರಬೇತಿಯನ್ನು ಹೆಚ್ಚುವರಿ ಖರ್ಚೆಂದು ಭಾವಿಸುವುದು ಸಹಜ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಒಂದು ಸೊಂಟದ ಮುರಿತವೆಂದರೆ ಆಂಬುಲೆನ್ಸ್, ಶಸ್ತ್ರಚಿಕಿತ್ಸೆ, ಆಸ್ಪತ್ರೆಯಲ್ಲಿ ಜೊತೆಗಿರಲು ಒಬ್ಬ ಸಹಾಯಕರು ಮತ್ತು ನಂತರ ತಿಂಗಳುಗಟ್ಟಲೆ ಹಾಸಿಗೆಯ ಆರೈಕೆ. ಅದುವರೆಗೆ ಸ್ವತಃ ನಡೆದಾಡುತ್ತಿದ್ದ ಹಿರಿಯರೊಬ್ಬರು ಮತ್ತೆ ಮೊದಲಿನಂತಾಗದಿರಬಹುದು. 70 ವರ್ಷ ಮೇಲ್ಪಟ್ಟವರಿಗೆ 2024ರ ಅಕ್ಟೋಬರ್ 29ರಂದು ವಿಸ್ತರಿಸಲಾದ ಆಯುಷ್ಮಾನ್ ಭಾರತ್ ಯೋಜನೆಯು ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಆಸ್ಪತ್ರೆ ಚಿಕಿತ್ಸೆಗೆ ನೆರವಾಗುತ್ತದೆ. ಹೀಗೆ ಚಿಕಿತ್ಸೆಗೆ ಹಣದ ಏರ್ಪಾಡು ಬೆಳೆದಷ್ಟು, ಚಿಕಿತ್ಸೆಯ ಅಗತ್ಯವನ್ನೇ ತಪ್ಪಿಸುವ ತರಬೇತಿಯ ಏರ್ಪಾಡು ಬೆಳೆದಿಲ್ಲ.

ಸಾರ್ವಜನಿಕರ ಪಾತ್ರ

ಹೆತ್ತವರನ್ನು ಆಶ್ರಮಕ್ಕೆ ಸೇರಿಸುವವರು ಕೊಠಡಿ ಮತ್ತು ಶುಲ್ಕವನ್ನು ವಿಚಾರಿಸುವುದರೊಂದಿಗೆ ಈ ಕೆಳಗಿನ ಅಂಶಗಳನ್ನೂ ಕೇಳಿ ತಿಳಿಯುವುದು ಅಪೇಕ್ಷಣೀಯ:

- ರಾತ್ರಿ ಪಾಳಿಯಲ್ಲಿ ಎಷ್ಟು ಸಿಬ್ಬಂದಿ ಇರುತ್ತಾರೆ, ಅವರು ಯಾವ ತರಬೇತಿ ಪಡೆದಿದ್ದಾರೆ
- ಔಷಧಿ, ಮಗ್ಗುಲು ಬದಲಾವಣೆ ಮತ್ತು ಬಿದ್ದ ಘಟನೆಗಳ ವಹಿಗಳನ್ನು ನಿರ್ವಹಿಸಲಾಗುತ್ತಿದೆಯೇ
- ವೈದ್ಯರು ಎಷ್ಟು ದಿನಗಳಿಗೊಮ್ಮೆ ಭೇಟಿ ನೀಡುತ್ತಾರೆ
- ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆಗೆ ಕರೆದೊಯ್ಯಲಾಗುತ್ತದೆ

ಹಿರಿಯ ನಾಗರಿಕರು ಅಥವಾ ಅವರ ಪರವಾಗಿ ಇತರರು ಮಾಹಿತಿ ಹಾಗೂ ನೆರವಿಗಾಗಿ ರಾಷ್ಟ್ರೀಯ ಸಹಾಯವಾಣಿ 14567ನ್ನು ಸಂಪರ್ಕಿಸಬಹುದಾಗಿದೆ.

ಉಪಸಂಹಾರ

ಪ್ರತಿ ವರ್ಷ ಅಕ್ಟೋಬರ್ 1ರಂದು ಅಂತರರಾಷ್ಟ್ರೀಯ ಹಿರಿಯ ನಾಗರಿಕರ ದಿನವನ್ನು ಆಚರಿಸಲಾಗುತ್ತದೆ. ಸನ್ಮಾನ ಮತ್ತು ಹಣ್ಣುಹಂಪಲು ವಿತರಣೆಯೊಂದಿಗೆ, ಆ ದಿನ ಮೂರೂ ತಾಲ್ಲೂಕುಗಳ ಆಶ್ರಮಗಳ ಸಿಬ್ಬಂದಿಗೆ ಒಂದು ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದಲ್ಲಿ ಆಚರಣೆಯು ಹೆಚ್ಚು ಅರ್ಥಪೂರ್ಣವಾಗುವುದು. ಕಾನೂನಿನ ತಿದ್ದುಪಡಿಗೆ ಕಾಲ ಹಿಡಿಯಬಹುದು. ಪಾಚಿ ತೆಗೆಯಲು, ಮಗ್ಗುಲು ಬದಲಿಸಲು, ಕೈ ತೊಳೆಯಲು ಯಾವ ತಿದ್ದುಪಡಿಯ ಅಗತ್ಯವೂ ಇರುವುದಿಲ್ಲ.