ದೊಡ್ಡ ಬ್ಯಾಟರಿ ಆಮೇಲೆ, ಮೊದಲು ಚಕ್ರ ತಿರುಗಿಸಿ ನೋಡಿ

ನಮ್ಮಪ್ಪ ಯಾವ ಬೈಕ್ ನೋಡಿದ್ರೂ ಕೇಳೋ ಮೊದಲ ಪ್ರಶ್ನೆ, "ಎಷ್ಟು ಕೊಡುತ್ತೆ?" ಸಿಸಿ ಎಷ್ಟು, ಬಿಎಚ್‌ಪಿ ಎಷ್ಟು ಅಂತ ಕೇಳಿದ್ದು ನಾನಂತೂ ನೋಡಿಲ್ಲ. ಲೀಟರಿಗೆ ಎಷ್ಟು ಕಿಲೋಮೀಟರ್, ಅಷ್ಟೇ. ಮೈಲೇಜ್ ಇಳಿದಿದೆ ಅನ್ನಿಸಿದ್ರೆ ಅವರು ದೊಡ್ಡ ಟ್ಯಾಂಕ್ ಹಾಕಿಸೋಕೆ ಹೋಗಲ್ಲ. ಟೈರಿಗೆ ಗಾಳಿ ಹಿಡಿಸ್ತಾರೆ, ಚೈನಿಗೆ ಎಣ್ಣೆ ಬಿಡ್ತಾರೆ, ಸೆಂಟರ್ ಸ್ಟ್ಯಾಂಡ್ ಹಾಕಿ ಬ್ರೇಕ್ ಹಿಡ್ಕೊಂಡಿದೆಯಾ ಅಂತ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡ್ತಾರೆ. ಅವರು ಓದಿದ್ದು ಎಸ್ಸೆಸ್ಸೆಲ್ಸಿ.

ನಾವು ಬಿಇ ಓದ್ತಾ ಇದೀವಿ. ನಮ್ಮ ಆರ್‌ಸಿ ಕಾರ್ ಹತ್ತು ನಿಮಿಷಕ್ಕೆ ನಿಂತ್ರೆ ನಮ್ಮ ಬಾಯಲ್ಲಿ ಬರೋದು ಒಂದೇ ಮಾತು: "ಮಗಾ, 8000 ಎಂಎಎಚ್ ತರಿಸೋಣ."

ಕಳೆದ ವಾರ ನಮ್ಮ ಗ್ಯಾಂಗಿನ ಬಜೆಟ್ ಚರ್ಚೆಯಲ್ಲೂ ಇದೇ ಮಾತು ಬಂತು. ಇರೋ ದುಡ್ಡೆಲ್ಲ ಸೇರಿಸಿ ಎರಡು ದೊಡ್ಡ ಲಿಪೋ ಪ್ಯಾಕ್ ತರಿಸಬೇಕಂತೆ. ನಾನು ಬೇಡ ಅಂದೆ. ಯಾಕೆ ಬೇಡ ಅನ್ನೋದನ್ನ ಅಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ (ಹೇಳೋಕೆ ಬಿಡಲಿಲ್ಲ ಅನ್ನೋದೇ ಸರಿ), ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನ ಒಪ್ಪಿಕೊಂಡುಬಿಡ್ತೀನಿ. ದೊಡ್ಡ ಬ್ಯಾಟರಿ ಹಾಕಿದ್ರೆ ಹೆಚ್ಚು ಹೊತ್ತು ಓಡುತ್ತೆ, ಇದರಲ್ಲಿ ಅನುಮಾನ ಇಲ್ಲ. 2ಎಸ್ ಪ್ಯಾಕ್ 7.4 ವೋಲ್ಟ್. 5000 ಎಂಎಎಚ್ ಅಂದ್ರೆ 37 ವ್ಯಾಟ್‌ಅವರ್. 8000 ಆದ್ರೆ 59. ಕಾರಿನ ತೂಕ ಒಂಚೂರು ಹೆಚ್ಚಾಗುತ್ತೆ, ಟ್ರೇಯಲ್ಲಿ ಕೂರದೇ ಇದ್ರೆ ಫೈಲ್ ಹಿಡ್ಕೊಂಡು ಉಜ್ಜಬೇಕಾಗುತ್ತೆ, ಆದ್ರೂ ಲೆಕ್ಕದಲ್ಲಿ ಲಾಭವೇ. ನನ್ನ ತಕರಾರು ಇರೋದು ಫಿಸಿಕ್ಸ್ ಮೇಲೆ ಅಲ್ಲ. ಇರೋ ಬ್ಯಾಟರಿಗಳನ್ನ ನಾವು ಹೇಗೆ ಕೊಂದ್ವಿ ಅನ್ನೋದರ ಮೇಲೆ.

ಒಂದನ್ನ ಕೊಂದಿದ್ದು ನಾನೇ. ಥರ್ಡ್ ಸೆಮ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ 1/10 ಬಗ್ಗಿ ತಗೊಂಡಿದ್ದೆ. ಅದರ ಹಳೇ ಮಾಲೀಕರು ನಿಕಲ್ ಪ್ಯಾಕ್ ಹಾಕಿ ಓಡಿಸ್ತಿದ್ರು. ಇಎಸ್‌ಸಿ ಮೇಲೆ ಒಂದು ಪುಟ್ಟ ಜಂಪರ್ ಇತ್ತು, ನಿಕಲ್ ಕಡೆಗೆ. ನಾನು ಅದನ್ನ ನೋಡದೆ ಹೊಸ ಲಿಪೋ ಸಿಕ್ಕಿಸಿ ಓಡಿಸಿದೆ. ಕಾರ್ ನಿಲ್ತಾನೇ ಇಲ್ಲ! ಹದಿನೆಂಟು ನಿಮಿಷ ಓಡ್ತು. ಹಾಸ್ಟೆಲಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡೆ. ಲಿಪೋ ಸೆಲ್ಲನ್ನ ಸುಮಾರು 3.2 ವೋಲ್ಟಿಗೆ ನಿಲ್ಲಿಸಬೇಕಾದ ಕಟ್‌ಆಫ್ ಕೆಲಸವೇ ಮಾಡ್ತಿರಲಿಲ್ಲ, ಹಾಗಾಗಿ ಓಡ್ತಿತ್ತು. ಮೂರನೇ ಸಲಕ್ಕೆ ಬ್ಯಾಟರಿ ಪೂರಿ ಥರ ಉಬ್ಬಿತು. ಅಪ್ಪನ ಹತ್ರ ಪ್ರಾಜೆಕ್ಟ್ ಖರ್ಚು ಅಂತ ಹೇಳಿ ತಗೊಂಡ ದುಡ್ಡು ಅದು. ಉಬ್ಬಿದ ಪ್ಯಾಕನ್ನ ಇನ್ನೊಂದು ಸಲ ಚಾರ್ಜ್ ಮಾಡಿ ನೋಡೋಣ ಅಂತ ನನ್ನ ರೂಮ್‌ಮೇಟ್ ಅಂದಿದ್ದ. ಮಾಡಲಿಲ್ಲ, ನಮ್ಮ ಪುಣ್ಯ.

ಇನ್ನೊಂದು ಸತ್ತಿದ್ದು ದಸರಾ ರಜದಲ್ಲಿ. ಫುಲ್ ಚಾರ್ಜ್ ಮಾಡಿ, ಬಿಸಿಲು ಬೀಳೋ ಕಿಟಕಿ ಪಕ್ಕದ ಶೆಲ್ಫಲ್ಲಿ ಇಟ್ಟು ಎಲ್ಲರೂ ಊರಿಗೆ ಹೋದ್ವಿ. ಲಿಪೋಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಸೆಲ್ 4.2 ವೋಲ್ಟಲ್ಲಿ ಬಿಸಿ ಜಾಗದಲ್ಲಿ ಕೂತ್ರೆ ಒಳಗೊಳಗೇ ಹಾಳಾಗ್ತಾ ಹೋಗುತ್ತೆ. ಇಡೋದಾದ್ರೆ ಸೆಲ್ಲಿಗೆ 3.8 ಹತ್ರ ಇಳಿಸಿ, ತಣ್ಣಗಿರೋ ಕಡೆ ಇಡಬೇಕು. ನಮ್ಮ ಚಾರ್ಜರಲ್ಲಿ 'ಸ್ಟೋರೇಜ್' ಅಂತ ಒಂದು ಮೋಡ್ ಇದೆ. ಅದನ್ನ ಒತ್ತೋಕೆ ಎರಡು ಸೆಕೆಂಡ್ ಸಾಕು.

ವಾಪಸ್ ಬಂದ ಮೇಲೆ ಆ ಪ್ಯಾಕ್ ಉಬ್ಬಿರಲಿಲ್ಲ, ಫುಲ್ ಚಾರ್ಜೂ ಆಗ್ತಿತ್ತು, ಆದ್ರೆ ಕಾರ್ ಆರು ನಿಮಿಷಕ್ಕೇ ನಿಲ್ತಿತ್ತು. "ಬ್ಯಾಟರಿ ಚಿಕ್ಕದು" ಅನ್ನೋ ತೀರ್ಮಾನ ಹುಟ್ಟಿದ್ದೇ ಇಲ್ಲಿ. ನಿಜವಾಗಿ ಆಗಿದ್ದು ಏನು ಅಂತ ನೆಟ್‌ವರ್ಕ್ ಅನಾಲಿಸಿಸ್ ಪಾಸ್ ಮಾಡಿದ ಯಾರಿಗೆ ಬೇಕಾದ್ರೂ ಗೊತ್ತಾಗಬೇಕಿತ್ತು. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರಿತ್ತು. ಇಡೀ ಪ್ಯಾಕಿಗೆ 40 ಮಿಲಿಓಮ್ ಅಂತ ಇಟ್ಕೊಳ್ಳಿ. 30 ಆಂಪ್ ಎಳೆದ್ರೆ 1.2 ವೋಲ್ಟ್ ಒಳಗೇ ಬಿದ್ದುಹೋಗುತ್ತೆ. ಇಎಸ್‌ಸಿ 6.4 ವೋಲ್ಟಿಗೆ ಕಟ್ ಮಾಡುತ್ತೆ. ಅಂದ್ರೆ ಪ್ಯಾಕ್ ಸುಮ್ಮನೆ ಕೂತಾಗ 7.6 ವೋಲ್ಟ್ ತೋರಿಸೋ ಹೊತ್ತಿಗೇ ಕಾರ್ ನಿಂತಿರುತ್ತೆ. ಸೆಲ್ಲಿಗೆ 3.8! ಸ್ಟೋರೇಜ್ ವೋಲ್ಟೇಜು! ಹೆಚ್ಚು ಕಮ್ಮಿ ಅರ್ಧ ಚಾರ್ಜ್ ಇನ್ನೂ ಒಳಗೇ ಇದೆ, ಹೊರಗೆ ಬರೋಕೆ ದಾರಿ ಇಲ್ಲ. 5000 ಬದಲು 8000 ತಂದು ಅದನ್ನೂ ಅದೇ ಕಿಟಕಿ ಪಕ್ಕ ಇಟ್ರೆ ಮುಂದಿನ ದಸರಾಕ್ಕೆ ಅದಕ್ಕೂ ಇದೇ ಗತಿ.

ಬ್ಯಾಟರಿ ಕಥೆ ಇಷ್ಟಾಯ್ತು. ಇನ್ನು ಕಾರಿನದು. ಕಾರನ್ನ ಎತ್ತಿ ಹಿಡ್ಕೊಂಡು ಚಕ್ರ ಕೈಯಲ್ಲಿ ತಿರುಗಿಸಿದವರು ನಮ್ಮಲ್ಲಿ ಎಷ್ಟು ಜನ? ನಾನು ಹೋದ ತಿಂಗಳು ಐದು ಕಾರ್ ತಿರುಗಿಸಿ ನೋಡಿದೆ. ಒಂದರಲ್ಲಿ ಆಕ್ಸಲ್ಲಿಗೆ ಕೂದಲು ಸುತ್ತಿಕೊಂಡು ಗಂಟಾಗಿತ್ತು. ಎರಡರಲ್ಲಿ ಪ್ಲಾಸ್ಟಿಕ್ ಬುಶಿಂಗ್ ಸವೆದು, ಮಣ್ಣು ತುಂಬಿ ಗರಗರ ಅಂತಿತ್ತು. ಅಲ್ಲಿಗೆ ಬಾಲ್ ಬೇರಿಂಗ್ ಹಾಕೋದು ಹೊಸ ಬ್ಯಾಟರಿಗಿಂತ ಎಷ್ಟೋ ಅಗ್ಗ. ಇನ್ನೊಂದರಲ್ಲಿ ಪಿನಿಯನ್ನೂ ಸ್ಪರ್ ಗೇರೂ ಒಂದಕ್ಕೊಂದು ಒತ್ತಿಕೊಂಡು ಕೂತಿದ್ವು. ಎರಡರ ನಡುವೆ ನೋಟ್‌ಬುಕ್ಕಿನ ಒಂದು ಚೂರು ಹಾಳೆ ಸಿಕ್ಕಿಸಿ, ಮೋಟರ್ ಸ್ಕ್ರೂ ಬಿಗಿ ಮಾಡಿ, ಹಾಳೆ ತೆಗೆದುಬಿಟ್ರೆ ಬೇಕಾದಷ್ಟೇ ಸಂದು ಉಳಿಯುತ್ತೆ. ಐದನೆಯದು ನಂದೇ, ಅದು ಚೆನ್ನಾಗಿತ್ತು (ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು).

ಗೇರಿಂಗ್ ಬಗ್ಗೆ ಮಾತಾಡಿದ್ರೆ ಜಗಳ ಆಗುತ್ತೆ ಅಂತ ಗೊತ್ತು. ಎಲ್ಲರಿಗೂ ಟಾಪ್ ಸ್ಪೀಡ್ ಬೇಕು, ಅದಕ್ಕೆ ದೊಡ್ಡ ಪಿನಿಯನ್ ಹಾಕ್ತಾರೆ. ಆದ್ರೆ ನಾವು ಓಡಿಸೋದು ಪಾರ್ಕಿಂಗ್ ಲಾಟಲ್ಲಿ. ಇಪ್ಪತ್ತು ಮೀಟರ್ ಹೋಗೋ ಅಷ್ಟರಲ್ಲಿ ತಿರುವು ಬರುತ್ತೆ, ಆ ಟಾಪ್ ಸ್ಪೀಡ್ ಯಾವತ್ತೂ ಮುಟ್ಟೋದೇ ಇಲ್ಲ. 21 ಹಲ್ಲಿನ ಪಿನಿಯನ್ ತೆಗೆದು 18 ಹಾಕಿದ್ರೆ ಚಕ್ರಕ್ಕೆ ಅದೇ ಎಳೆತ ಕೊಡೋಕೆ ಮೋಟರಿಗೆ 14% ಕಮ್ಮಿ ಕರೆಂಟ್ ಸಾಕು. ವೈಂಡಿಂಗಲ್ಲಿ ಬಿಸಿಯಾಗಿ ಹೋಗೋದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ, ಅಂದ್ರೆ ಅದು ಸುಮಾರು ಕಾಲು ಭಾಗ ಇಳಿಯುತ್ತೆ. ಓಡಿಸಿದ ಮೇಲೆ ಮೋಟರ್ ಮೇಲೆ ಮೂರು ಸೆಕೆಂಡ್ ಬೆರಳಿಡೋಕೆ ಆಗದಿದ್ರೆ ಪಿನಿಯನ್ ದೊಡ್ಡದಾಯ್ತು ಅಂತಲೇ ಲೆಕ್ಕ. ಆ ಬಿಸಿಯೆಲ್ಲ ಬ್ಯಾಟರಿಯಿಂದ ಬಂದಿದ್ದೇ ತಾನೆ?

ಕನೆಕ್ಟರ್ ಬಗ್ಗೆ ಮಾತ್ರ ಜನ ಅತಿ ಮಾಡ್ತಾರೆ ಅನ್ಸುತ್ತೆ. ಕೆಟ್ಟ ಸಾಲ್ಡರಿಂಗಿನಿಂದ 5 ಮಿಲಿಓಮ್ ಸೇರಿಕೊಂಡಿದ್ರೆ 30 ಆಂಪಿಗೆ 4.5 ವ್ಯಾಟ್ ಹೋಗುತ್ತೆ. ಬ್ಯಾಟರಿಯಿಂದ ಹೊರಡೋದು 220 ವ್ಯಾಟಿನ ಹತ್ರ. ಎರಡು ಪರ್ಸೆಂಟ್. ಕನೆಕ್ಟರ್ ಮುಟ್ಟಿದಾಗ ಸುಡುತ್ತಿದ್ರೆ ಸರಿ ಮಾಡಿ, ಇಲ್ಲಾಂದ್ರೆ ಅದಕ್ಕಾಗಿ ಚಿನ್ನದ ಲೇಪದ್ದು ಹುಡುಕ್ಕೊಂಡು ಎಸ್‌ಪಿ ರೋಡಿಗೆ ಹೋಗೋದು ಬೇಡ.

ಕೊನೆಗೆ ಉಳಿಯೋದು ಬೆರಳು. 2 ಕೆಜಿ ಕಾರ್ ಗಂಟೆಗೆ 36 ಕಿಲೋಮೀಟರ್ ಓಡ್ತಿದ್ರೆ ಅದರಲ್ಲಿ 100 ಜೌಲ್ ಇರುತ್ತೆ. ಬ್ರೇಕ್ ಒತ್ತಿ ನಿಲ್ಲಿಸಿದ್ರೆ ಅಷ್ಟೂ ಮಣ್ಣುಪಾಲು, ಮತ್ತೆ ಮೊದಲಿಂದ ಕೊಡಬೇಕು. 18ರಲ್ಲಿ ಹೋಗ್ತಿದ್ರೆ ಇರೋದು ಬರೀ 25. ತಿರುವಿಗೆ ಇನ್ನೂ ನಾಲ್ಕು ಮೀಟರ್ ಇದ್ದಾಗಲೇ ಥ್ರಾಟಲ್ ಬಿಟ್ಟು ಕಾರನ್ನ ಜಾರೋಕೆ ಬಿಡಿ, ತಿರುವಲ್ಲಿ ಪೂರ್ತಿ ನಿಲ್ಲಿಸಬೇಡಿ. ಇನ್ನು ಫುಟ್‌ಬಾಲ್ ಗ್ರೌಂಡಿನ ಹುಲ್ಲಿನ ಮೇಲೆ ಓಡಿಸಿ "ಚಾರ್ಜ್ ನಿಲ್ಲಲ್ಲ ಗುರು" ಅನ್ನೋರಿಗೆ ಏನು ಹೇಳಲಿ. ಅಲ್ಲಿ ಸೈಕಲ್ ತುಳಿದು ನೋಡಿ, ತೊಡೆಗೇ ಗೊತ್ತಾಗುತ್ತೆ.

ಇದನ್ನೆಲ್ಲ ನನ್ನ ಕಾರಲ್ಲಿ ಒಂದೊಂದಾಗಿ ಮಾಡಿದೆ. ಅದೇ 5000 ಪ್ಯಾಕ್, ಅದೇ ಪಾರ್ಕಿಂಗ್ ಲಾಟ್. ಹನ್ನೊಂದು ನಿಮಿಷ ಓಡ್ತಿದ್ದದ್ದು ಈಗ ಹದಿನೈದು ದಾಟುತ್ತೆ, ಅದೂ ಇಪ್ಪತ್ತು ಪರ್ಸೆಂಟ್ ಒಳಗೇ ಉಳಿಸಿ. ಇದರಲ್ಲಿ ಗೇರಿಂದು ಎಷ್ಟು ಪಾಲು, ಬೆರಳಿಂದು ಎಷ್ಟು ಅಂತ ಬಿಡಿಸಿ ಹೇಳೋಕೆ ನನ್ನ ಹತ್ರ ಮೀಟರ್ ಇಲ್ಲ. ಬಜೆಟ್ ಚರ್ಚೆಯಲ್ಲಿ ನಾನು ಕೇಳಿದ್ದು ಅದನ್ನೇ. ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಸಿಕ್ಕಿಸೋ ಒಂದು ವ್ಯಾಟ್‌ಮೀಟರ್, ಒಂದೆರಡು ಸೆಲ್ ಚೆಕರ್, ಲಿಪೋ ಹಾಕಿಡೋಕೆ ಬೆಂಕಿ ತಡೆಯೋ ಚೀಲ. ಎಲ್ಲ ಸೇರಿದ್ರೂ ಒಂದು ದೊಡ್ಡ ಪ್ಯಾಕಿನಷ್ಟು ಆಗಲ್ಲ. ಜೊತೆಗೆ ಗೋಡೆ ಮೇಲೆ ಒಂದು ಪಟ್ಟಿ: ಯಾವ ಪ್ಯಾಕ್, ಯಾವತ್ತು ಚಾರ್ಜ್ ಆಯ್ತು, ಎಷ್ಟು ಎಂಎಎಚ್ ಒಳಗೆ ಹೋಯ್ತು, ಯಾರು ಮಾಡಿದ್ದು.

ಆ ಕೊನೇ ಕಾಲಂ ಯಾಕೆ ಅಂತ ಒಬ್ಬರು ಕೇಳಿದ್ರು. 5 ಆಂಪಿಗೆ ಇಟ್ಟು, ಒಂದು ಗಂಟೆ ಆಗುತ್ತೆ ಅಂತ ಮೆಸ್ಸಿಗೆ ಊಟಕ್ಕೆ ಹೋಗೋ ಅಭ್ಯಾಸ ನಮ್ಮಲ್ಲಿ ಸುಮಾರು ಜನಕ್ಕಿದೆ. ಅದೂ ಹಾಸಿಗೆ ಮೇಲೆ ಇಟ್ಟು. ಆ ಬ್ಲಾಕಲ್ಲಿ ಮಲಗೋದು ಬರೀ ಆರ್‌ಸಿ ಹುಚ್ಚಿನವರಲ್ಲ. ಚಾರ್ಜ್ ಹಾಕಿದವರು ಪಕ್ಕದಲ್ಲೇ ಕೂರಬೇಕು, ಬರೀ ನೆಲದ ಮೇಲೆ ಇಟ್ಟು, ಸುತ್ತ ಬಟ್ಟೆ ಪುಸ್ತಕ ಇಲ್ಲದ ಕಡೆ.

ನಾನು ಕೊಂದ ಆ ಪೂರಿ ಬ್ಯಾಟರಿ ವರ್ಕ್‌ಶಾಪ್ ಹಿಂದಿನ ಮರಳಿನ ಬಕೆಟಲ್ಲಿ ಇದೆ, ಇ-ವೇಸ್ಟ್ ಗಾಡಿ ಬರೋವರೆಗೆ. ಚುಚ್ಚಬೇಡಿ, ಎತ್ತಬೇಡಿ, ನೋಡಬೇಕು ಅನ್ನಿಸಿದ್ರೆ ದೂರದಿಂದ ನೋಡಿ. ಎರಡನೇ ಬಜೆಟ್ ಚರ್ಚೆ ಶನಿವಾರ ಸಂಜೆ. ಬರೋರು ನಿಮ್ಮ ನಿಮ್ಮ ಕಾರ್ ತನ್ನಿ, ಬ್ಯಾಟರಿ ತೆಗೆದಿಟ್ಟು ತನ್ನಿ. ಮೊದಲು ಚಕ್ರ ತಿರುಗಿಸೋಣ, ಆಮೇಲೆ ದುಡ್ಡಿನ ಮಾತು.