ಕೈಗುಣ ಅಲ್ರೀ, ನೀರು ಹೆಚ್ಚಾತು

ಶ್ರಾವಣದಾಗ ವರಮಹಾಲಕ್ಷ್ಮಿ ಕುಂಕುಮಕ್ಕ ನಮ್ಮ ಓಣಿ ಒಂದು ಮನಿಗೆ ಹೋಗಿದ್ವಿ. ನಿಮ್ಮೊಳಗ ಆರೇಳು ಮಂದಿ ಅಲ್ಲೇ ಇದ್ರಿ, ಹಂಗಾಗಿ ಯಾರ ಮನಿ ಅಂತ ಬರಿಯಂಗಿಲ್ಲ. ಟೀವಿ ಪಕ್ಕ ಆಕಿ ಐದು ಸಣ್ಣ ಪಾಟು ಇಟ್ಟಿದ್ಲು. ಗುಲಾಬಿ ಹೂವಿನಂಗ ಎಲಿ ಸುತ್ತಿಕೊಂಡಿರೋ ದಪ್ಪೆಲಿ ಗಿಡ, ಸಕ್ಯುಲೆಂಟ್ ಅಂತಾರಲ್ಲ, ಅವು. ಮೂರು ಕೊಳತು ಹೋಗಿದ್ವು. ಹಿರೇರೊಬ್ರು ನೋಡಿ, "ಆಕಿ ಕೈಯಾಗ ಏನೂ ಹತ್ತಂಗಿಲ್ಲ ಬಿಡ್ರಿ" ಅಂದ್ರು. ಮದುವಿ ಆಗಿ ಎಂಟು ವರ್ಷ ಆದ ಹೆಣ್ಮಗಳಿಗೆ ಆ ಮಾತು ಎಲ್ಲಿ ಹೋಗಿ ನಾಟ್ತೈತಿ ಅಂತ ಅಲ್ಲಿದ್ದೋರಿಗೆಲ್ಲ ಗೊತ್ತಿತ್ತು. ಆಕಿ ಕೋಸಂಬರಿ ತರ್ತೀನಂತ ಒಳಗ ಹೋದ್ಲು, ಬಾಳ ಹೊತ್ತು ಹೊರಗ ಬರ್ಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡೇ ಕುಂತಿದ್ದೆ. ಅವತ್ತು ಆಡಬೇಕಾಗಿದ್ದ ಮಾತು ಇವತ್ತು ಬರಿಯಾಕತ್ತೀನಿ, ಆಕಿನ್ನ ಕೇಳೇ ಬರಿಯಾಕತ್ತೀನಿ.

ಏಳೋ ಮುಂದ ಆ ಪಾಟಿನಾಗ ಬೆರಳು ಇಟ್ಟು ನೋಡಿದ್ದೆ. ಒಳಗ ಬರೇ ರಾಡಿ. ಪಾಟಿಗೆ ಕೆಳಗ ತೂತಿಲ್ಲ, ಮ್ಯಾಲ ಬಣ್ಣದ ಕಲ್ಲು. ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಚೊಂಬಿನಾಗ ಉಳಿದದ್ದನ್ನ ಆಕಿ ಇವಕ್ಕೂ ಹಾಕ್ತಿದ್ಲಂತ. ಅದೂ ಕಿಟಕಿ ಇಲ್ಲದ ನಡುಮನ್ಯಾಗ, ಮಳಿಗಾಲದಾಗ. ಹತ್ತು ಮಕ್ಕಳು ಹಡೆದೋರು ಹಾಕಿದ್ರೂ ಆ ಗಿಡ ಸಾಯೋದೇ!

ತಪ್ಪು ಆಕಿ ಒಬ್ಬಾಕಿದಲ್ಲ. ನಾವು ಕಬ್ಬು, ಭತ್ತ, ಬಾಳಿ ನೋಡಿ ಬೆಳದ ಮಂದಿ. ವಿಜಯನಗರದ ಅರಸರ ಕಾಲದ ಕಾಲುವಿ ನೀರು ನಮ್ಮ ಕಡಿ ಗದ್ದಿಗೆ ಇವತ್ತಿಗೂ ಹರೀತೈತಿ. ಕಬ್ಬಿನ ತುಂಡು ಊರಿದ್ರ ಅವತ್ತೇ ನೀರು ಬಿಡಬೇಕು. ಆ ರೂಢಿ ನಮ್ಮ ಕೈಗೆ ಹತ್ತೈತಿ. ದಪ್ಪೆಲಿ ಗಿಡಕ್ಕ ಹಂಗ ಮಾಡಿದ್ರ ಮುಗೀತು. ಹಂಪಿ ಕಡಿ ಹೋದಾಗ ಬಂಡಿಗಲ್ಲಿನ ಸಂದ್ಯಾಗ ನಿಂತಿರೋ ಕಳ್ಳಿ ನೋಡ್ರಿ, ಅದಕ್ಕ ಯಾರು ಚೊಂಬು ಹಿಡಿದು ಹೋಗ್ತಾರ? ಅಷ್ಟು ದೂರ ಯಾಕ, ನಿಮ್ಮ ಬಾಗಲ ಮ್ಯಾಗ ದೃಷ್ಟಿಗಂತ ತಲಿಕೆಳಗ ಕಟ್ಟಿದ ಲೋಳೆಸರ ಮಣ್ಣಿಲ್ಲದ ನೀರಿಲ್ಲದ ಎಷ್ಟು ತಿಂಗಳು ಹಸಿರಿರ್ತೈತಿ? ಅದನ್ನ ಕಟ್ಟಿದ್ದು ಯಾರ ಕೈ ಅಂತ ಯಾರರ ಕೇಳ್ತೀರೇನು?

ಈ ಗಿಡ ನೀರು ಎಲ್ಯಾಗೇ ಕೂಡಿಟ್ಟಿರ್ತಾವ. ಹಗಲು ಬಿಸಲಾಗ ನೀರು ಆರಬಾರ್ದಂತ ಎಲಿಯ ಸಣ್ಣ ಬಾಯಿ ಮುಚ್ಚಿಕೊಂಡು, ರಾತ್ರಿ ತೆರೀತಾವ. ರಾತ್ರಿ ಒಳಗ ತಗೊಂಡ ಗಾಳಿ ಹುಳಿಯಾಗಿ ಎಲ್ಯಾಗ ಕೂಡ್ತೈತಿ, ಹಗಲು ಖರ್ಚಾಗ್ತೈತಿ. ನಮ್ಮ ದೇಶದಾಗ ಇದ್ದ ಬೆಂಜಮಿನ್ ಹೇಯ್ನ್ ಅನ್ನೋ ಸಸ್ಯಶಾಸ್ತ್ರಿ 1813ರಾಗ ಕಾಡುಬಸಳಿ ಎಲಿ ಬಾಯಾಗ ಹಾಕಿ ನೋಡಿ, ಮುಂಜಾನಿ ಹುಳಿ, ಮಧ್ಯಾಹ್ನ ಸಪ್ಪಗ ಅಂತ ಬರದಾನ. ನೀವು ತಿನ್ನಾಕ ಹೋಗಬ್ಯಾಡ್ರಿ ಮತ್ತ. ದನ, ಆಡು ಬಾಯಿ ಹಾಕಿದ್ರ ಅದು ವಿಷ, ಕಡಿದದ್ದನ್ನ ಓಣ್ಯಾಗ ಒಗೀಬ್ಯಾಡ್ರಿ.

ಸಸಿ ಮಾಡೋದು ಹೆಂಗಂದ್ರ, ಕೆಳಗಿನ ಎಲಿ ಒಂದನ್ನ ಬುಡಸಮೇತ ಮೆಲ್ಲಗ ತಿರುವಿ ಕೀಳ್ರಿ, ಅರ್ಧ ಮುರದ್ರ ಬರಂಗಿಲ್ಲ. ಮೂರ್ನಾಲ್ಕು ದಿನ ನೆಳ್ಳಾಗ ಪೇಪರ್ ಮ್ಯಾಗ ಹಂಗೇ ಬಿಡ್ರಿ, ಗಾಯ ಒಣಗ್ಲಿ. ಹಸಿ ಗಾಯಕ್ಕ ನೀರು ಬಿದ್ರ ಕೊಳೀತೈತಿ, ನಾನೇ ಹತ್ತು ಎಲಿ ಹಂಗ ಕೊಂದೀನಿ. ಆಮ್ಯಾಲ ದಪ್ಪ ಮರಳು, ಇಟ್ಟಂಗಿ ಚೂರು, ಒಂದೀಟು ಕೆಂಪು ಮಣ್ಣು ಕಲಿಸಿ ಅದರ ಮ್ಯಾಗ ಮಲಗಿಸ್ರಿ, ಊರಬ್ಯಾಡ್ರಿ. ಎರಿಮಣ್ಣು ಬ್ಯಾಡೇ ಬ್ಯಾಡ. ತೂತಿರೋ ಪಾಟು, ಮೂಡಣ ಕಿಟಕಿ. ಬೇರು ಕಾಣೋ ಮಟ ಒಂದೀಟು ನೀರು ಚಿಮುಕಿಸಿದ್ರ ಸಾಕು. ದೊಡ್ಡದಾದ ಮ್ಯಾಲ ಮಣ್ಣು ಪೂರ್ತಿ ಒಣಗಿದಾಗ ಒಂದ್ಸಲ ಕೆಳಗ ಇಳಿಯಂಗ ನೀರು ಹಾಕಿ ಸುಮ್ನಾಗ್ರಿ.

ಇನ್ನೊಂದು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲಿ ತುಂಡು ಮಾಡಿ ಹಚ್ಚಿದ್ರ ಮರಿ ಬರೇ ಹಸಿರು ಬರ್ತೈತಿ. ಅವಾಗ ಮತ್ತ "ಯಾರ ಕೈ ಬಿತ್ತೋ" ಅನ್ನಬ್ಯಾಡ್ರಿ, ಅದು ಗಿಡದ ಸ್ವಭಾವ. ಅಂಚು ಬೇಕಂದ್ರ ಬುಡದಾಗ ಎದ್ದ ಮರಿ ಬಿಡಿಸಿ ಹಚ್ರಿ.

"ಹಿರೇರು ಹೇಳಿದ್ದೆಲ್ಲ ಸುಳ್ಳೇನು?" ಅಂತ ನಮ್ಮ ಅತ್ತಿ ಕೇಳಿದ್ರು. ಸುಳ್ಳು ಅನ್ನಂಗಿಲ್ಲ ಅತ್ತಿ. ಆದ್ರ ಗಂಡಸರು ಹಚ್ಚಿದ ಗಿಡ ಸತ್ರ ಮಣ್ಣು ಸರಿ ಇಲ್ಲ, ಗೊಬ್ಬರ ಸರಿ ಇಲ್ಲ ಅಂತೀರಿ. ಮಕ್ಕಳಿಲ್ಲದಾಕಿ, ಗಂಡ ಇಲ್ಲದಾಕಿ ಹಚ್ಚಿದ್ದು ಸತ್ರ ಮಾತ್ರ ಯಾಕ ಕೈ ನೋಡ್ತೀರಿ? ಅತ್ತಿ ಏನೂ ಅನ್ಲಿಲ್ಲ, ಹೂವು ಕಟ್ಟಾಕ ಹೋದ್ರು.

ಹಬ್ಬ ಆದ ಮೂರನೇ ದಿನ ನನ್ನ ಗಿಡದ ಏಳು ಎಲಿ ಆಕಿಗೆ ಕೊಟ್ಟು ಬಂದೆ. "ಬ್ಯಾಡ ಅಕ್ಕ, ನನ್ನ ಕೈಯಾಗ…" ಅಂದ್ಲು. ಬೈದು ಕೊಟ್ಟೆ. ದೀಪಾವಳಿಗೆ ಹೋದಾಗ ಐದಕ್ಕ ಶೇಂಗಾಕಾಳಿನಷ್ಟು ಮರಿ ಬಂದಿದ್ವು, ಎರಡು ಒಣಗಿದ್ವು. ನನ್ನ ಮನ್ಯಾಗ ಅಷ್ಟು ಎಂದೂ ಹತ್ತಿಲ್ಲ. ಸಸಿ ಬೇಕಾದೋರು ಯುಗಾದಿ ಹೊತ್ತಿಗೆ ಆಕಿನ್ನೇ ಕೇಳ್ರಿ. ಅವತ್ತು ಆ ಮಾತಿಗೆ ತಲಿ ಆಡಿಸಿದೋರು ಮೊದ್ಲು ತಪ್ಪಾತವ್ವಾ ಅಂದು ಆಮ್ಯಾಲ ಕೇಳ್ರಿ.