ಚಿಕ್ಕ ಚಿಪ್, ಚಿಕ್ಕ ಹಿಡುವಳಿ



ಕಳೆದ ಬೇಸಿಗೆಯಲ್ಲಿ ನನ್ನ ತೋಟದ ಪಂಪಿಗೆ ಮೊಬೈಲಿನಿಂದಲೇ ಚಾಲೂ ಮಾಡುವ ಸ್ಟಾರ್ಟರ್ ಹಾಕಿಸಿದೆ. ಅಪರಾತ್ರಿ ಕರೆಂಟು ಬಂದಾಗ ಟಾರ್ಚು ಹಿಡಿದು ಹಳ್ಳಕ್ಕೆ ಇಳಿಯುವ ಕಷ್ಟ ತಪ್ಪಿತು. ಆದರೆ ಏಪ್ರಿಲ್ ತಿಂಗಳ ಮೊದಲ ಸಿಡಿಲಿಗೇ ಅದು ಸುಟ್ಟುಹೋಯಿತು. ಮಾರಿದವರನ್ನು ಕೇಳಿದರೆ, "ಇದಕ್ಕೆ ರಿಪೇರಿ ಇಲ್ಲ, ಹೊಸದನ್ನೇ ಹಾಕಿಸಿ" ಎಂದರು.

ಆ ಪೆಟ್ಟಿಗೆಯ ಜೀವವಿರುವುದು ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚೂರಿನಲ್ಲಿ. 1946ರಲ್ಲಿ ಅಮೆರಿಕದವರು ಜಗತ್ತಿಗೆ ತೋರಿಸಿದ ಎನಿಯಾಕ್ ಗಣಕಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು; ತೂಕ ಸುಮಾರು 30 ಟನ್ನು. 1971ರಲ್ಲಿ ಇಂಟೆಲ್ ಕಂಪೆನಿಯವರು 4004 ಎಂಬ ಒಂದೇ ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರುಗಳನ್ನು ಕೂಡಿಸಿದರು. 2020ರ ಆಪಲ್ ಎಂ-1 ಚಿಪ್‌ನಲ್ಲಿ ಅವು 1,600 ಕೋಟಿ. 2018ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಉಷ್ಣತೆ ಅಳೆಯುವ ಒಂದು ಪುಟ್ಟ ಗಣಕವನ್ನೇ ಮಾಡಿದರು. ಅದರ ಒಂದು ಬದಿ 0.3 ಮಿಲಿಮೀಟರು, ಅಂದರೆ ಅಕ್ಕಿ ನುಚ್ಚಿಗಿಂತಲೂ ಸಣ್ಣದು.

ಚಿಕ್ಕದಾದಷ್ಟೂ ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್‌ಗಳು ದೊರೆಯುತ್ತವೆ, ಬೆಲೆ ಇಳಿಯುತ್ತದೆ. ವಿದ್ಯುತ್ತೂ ಕಡಿಮೆ ಸಾಕು. ಆದ್ದರಿಂದಲೇ ಇದು ದೊಡ್ಡ ಎಸ್ಟೇಟುಗಳ ಸ್ವತ್ತಾಗಿ ಉಳಿಯಬೇಕಾಗಿಲ್ಲ. ಹೂಮಳೆ ಒಂದು ಗುಡ್ಡಕ್ಕೆ ಬಿದ್ದು ಪಕ್ಕದ ಗುಡ್ಡಕ್ಕೆ ಬೀಳದಿರುವುದು ನಮಗೆಲ್ಲ ಗೊತ್ತು. ದೂರದ ಪಟ್ಟಣದ ಮಳೆ ಲೆಕ್ಕ ನಮ್ಮ ತೋಟಕ್ಕೆ ಹೊಂದುವುದಿಲ್ಲ. ಬುಡದ ತೇವ, ಅಡಿಕೆ ತೋಟದೊಳಗಿನ ಥಂಡಿ, ಬಿದ್ದ ಮಳೆ ಇವನ್ನು ಆಯಾ ತೋಟದಲ್ಲೇ ಅಳೆದರೆ ನೀರು ಯಾವಾಗ ಬಿಡಬೇಕು, ಕೊಳೆರೋಗಕ್ಕೆ ಬೋರ್ಡೋ ಯಾವಾಗ ಹೊಡೆಯಬೇಕು ಎಂಬ ತೀರ್ಮಾನಕ್ಕೆ ಆಧಾರ ಸಿಗುತ್ತದೆ.

ಆದರೆ ಚಿಪ್ ಚಿಕ್ಕದಾದ ಮಾತ್ರಕ್ಕೆ ನಮ್ಮ ಸಿಡಿಲು ಚಿಕ್ಕದಾಗದು. ಒಬ್ಬೊಬ್ಬರೇ ಕೊಂಡು ಒಬ್ಬೊಬ್ಬರೇ ನಷ್ಟ ಅನುಭವಿಸುವುದಕ್ಕಿಂತ ಸಂಘದ ಮೂಲಕ ಒಟ್ಟಾಗಿ ಕೊಳ್ಳುವುದು ಲೇಸು. ಆಗ ಮೂರು ಷರತ್ತು ಹಾಕಬಹುದು: ಸಿಡಿಲಿನಿಂದ ರಕ್ಷಣೆ ಮತ್ತು ಸರಿಯಾದ ಅರ್ಥಿಂಗ್ ಕೊಡಬೇಕು, ಬಿಡಿಭಾಗ ಹಾಗೂ ರಿಪೇರಿ ತಾಲ್ಲೂಕಿನಲ್ಲೇ ಸಿಗಬೇಕು, ನಮ್ಮ ತೋಟದ ಲೆಕ್ಕ ನಮ್ಮ ಕೈಯಲ್ಲೇ ಇರಬೇಕು, ಕೇಳದೆ ಬೇರೆಯವರಿಗೆ ಹೋಗಕೂಡದು.

ಮೊದಲು ನಾಲ್ಕಾರು ತೋಟಗಳಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಪರೀಕ್ಷಿಸಿ ನೋಡೋಣ ಎಂಬುದು ನನ್ನ ಸಲಹೆ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಚರ್ಚಿಸಬೇಕಾಗಿ ವಿನಂತಿ. ಅಲ್ಲಿಯವರೆಗೆ ಅಂಗಳದ ಮಳೆಮಾಪಕವನ್ನೂ ಮಳೆ ಬರೆಯುವ ಪುಸ್ತಕವನ್ನೂ ಯಾರೂ ಕೈಬಿಡಬಾರದು.

— ಕಾರ್ಯದರ್ಶಿ